ಅನ್ನ ಬಿಟ್ಟು ಮುದ್ದೆ ಉಂಡ್ರೂ ಸಕ್ಕರೆ ಇಳೀತಿಲ್ಲ: ಪ್ರತಿಕ್ರಿಯೆ

ಕಾರಣ ಬಹುಶಃ ಮುದ್ದೆಯ ಗಾತ್ರ. ಮೂರು ತಿಂಗಳಿಂದ ಅನ್ನ ಮುಟ್ಟಿಲ್ಲ, ಎರಡು ಹೊತ್ತೂ ಮುದ್ದೆ, ಆದ್ರೂ ಊಟದ ನಂತರ ರಕ್ತದ ಸಕ್ಕರೆ 240 (mg/dL) ಬರ್ತಿದೆ ಅಂದಿದ್ದೀರಿ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ (ರಕ್ತದಲ್ಲಿ ಸಕ್ಕರೆಯಾಗೋ ಅಂಶ) ಇದ್ರೆ, ಅಷ್ಟೇ ರಾಗಿ ಹಿಟ್ಟಿನಲ್ಲಿ 67ರಿಂದ 72 ಗ್ರಾಂ ಇರುತ್ತೆ. ನಾರು, ಕ್ಯಾಲ್ಸಿಯಂ ರಾಗಿಯಲ್ಲಿ ಜಾಸ್ತಿ, ನಿಜ. ಆದ್ರೆ ನಮ್ಮ ಮಂಡ್ಯದ ಮುದ್ದೆ ಎಷ್ಟು ದಪ್ಪ ಅಂತ ನಿಮಗೂ ಗೊತ್ತು.

ಗ್ಲಿಮೆಪಿರೈಡ್ ಥರದ ಸಕ್ಕರೆ ಇಳಿಸೋ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ತಿದ್ರೆ, ಊಟ ಬದಲಿಸೋ ಮುಂಚೆ ಡಾಕ್ಟರಿಗೆ ಹೇಳಿ. ಡೋಸ್ ಇಳಿಸದೆ ಮುದ್ದೆ ಇಳಿಸಿದ್ರೆ ಸಕ್ಕರೆ ದಿಢೀರ್ ಕುಸಿಯಬಹುದು. ಡಾಕ್ಟರಿಗೆ ಹೇಳೋದನ್ನ ದಯವಿಟ್ಟು ತಪ್ಪಿಸಬೇಡಿ.

ಆಮೇಲೆ ಹಿಟ್ಟು ತೂಗಿ. ನಮ್ಮನೇಲಿ ತೂಗಿದಾಗ ಒಂದು ಮುದ್ದೆಗೆ 120 ಗ್ರಾಂ ಹೋಗ್ತಿತ್ತು, ಅದನ್ನ 40ಕ್ಕೆ ತಂದ್ವಿ, ಅದೂ ಮಧ್ಯಾಹ್ನ ಮಾತ್ರ. ತಟ್ಟೆಗೆ ಮೊದಲು ಬಸ್ಸಾರಿನ ಸೊಪ್ಪು, ಪಲ್ಯ, ಮೊಟ್ಟೆ ಅಥವಾ ಕೋಳಿ ಬರಲಿ, ಮುದ್ದೆ ಕೊನೆಗೆ. ಕಾಳಿನಲ್ಲೂ ಕಾರ್ಬೋಹೈಡ್ರೇಟ್ ಇದೆ, ಒಂದು ಸೌಟು ಸಾಕು. ರಾತ್ರಿಗೆ ಮುದ್ದೆ ಇಲ್ದೆ ಸೊಪ್ಪು, ಮೊಟ್ಟೆ, ಮಜ್ಜಿಗೆ. ಮೊದಲ ವಾರ ಹೊಟ್ಟೆ ಖಾಲಿ ಅನ್ಸುತ್ತೆ, ಒಂದು ಮೊಟ್ಟೆ ಜಾಸ್ತಿ ತಿನ್ನಿ. ಕಾಫಿಗೆ ಬೆಲ್ಲ ಹಾಕ್ತಿದ್ರೆ ಬಿಡಿ, ರಕ್ತಕ್ಕೆ ಅದೂ ಸಕ್ಕರೆನೇ.

40 ಗ್ರಾಂ ನಿಮಗೂ ಹೊಂದುತ್ತೆ ಅಂತ ಖಚಿತವಾಗಿ ಹೇಳಲಾರೆ, ಒಬ್ಬೊಬ್ಬರ ಮೈ ಒಂದೊಂದು ಥರ. ಮೊದಲ ತುತ್ತಿನಿಂದ ಎರಡು ಗಂಟೆಗೆ ಗ್ಲೂಕೋಮೀಟರಿನಲ್ಲಿ ನೋಡಿ, ತಿಂದದ್ದರ ಜೊತೆ ಬರೆದಿಡಿ. 180ರ ಒಳಗೆ ಬಂದ್ರೆ ಅದೇ ಅಳತೆ ಮುಂದುವರಿಸಿ. ಎರಡು ವಾರದಲ್ಲೂ ಇಳಿಯದಿದ್ರೆ ಆ ಪುಸ್ತಕ ಹಿಡ್ಕೊಂಡು ಡಾಕ್ಟರ ಹತ್ರ ಹೋಗಿ, ಮಾತ್ರೆ ಬದಲಿಸಬೇಕಾಗಬಹುದು.