ನೈಟ್ ಗಾರ್ಡ್ ಹಾಕಿದರೆ ರಾತ್ರಿ ಹಲ್ಲು ಕಡಿಯುವುದು ನಿಲ್ಲುತ್ತಾ? 400 ರೂಪಾಯಿಯದ್ದು ಸಾಕಾ?

ನಿಲ್ಲುವುದಿಲ್ಲ. ನೈಟ್ ಗಾರ್ಡ್ ಅಂದರೆ ಮಲಗುವಾಗ ಹಲ್ಲಿನ ಸಾಲಿನ ಮೇಲೆ ಹಾಕಿಕೊಳ್ಳುವ ಕವಚ, ಅಷ್ಟೇ. ಎಷ್ಟು ದಿನ ಹಾಕಿದರೆ ವಾಸಿಯಾಗುತ್ತೆ ಅಂತ ಕೇಳಿದ್ದೀರಲ್ವಾ, ಮೂರು ವರ್ಷದ ಹಿಂದೆ ನಾನೂ ನಮ್ಮ ಹಲ್ಲಿನ ಡಾಕ್ಟರಿಗೆ ಇದೇ ಮಾತು ಕೇಳಿದ್ದೆ.

ನಾನು ಕಲಬುರಗಿಯವನು. ನೆಹರು ಗಂಜ್‌ನಲ್ಲಿ ಒಂದು ಅಡತಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ತೊಗರಿ ಬರುವ ದಿನಗಳಲ್ಲಿ ರಾತ್ರಿ ಹತ್ತಾದರೂ ಲೆಕ್ಕ ಮುಗಿಯುವುದಿಲ್ಲ. ಬೆಳಿಗ್ಗೆ ಎದ್ದರೆ ದವಡೆ ಬಿಗಿದುಕೊಂಡಿರುತ್ತಿತ್ತು, ಹಣೆಯ ಎರಡೂ ಬದಿ ನೋವು. ತಣ್ಣೀರು ಕುಡಿದರೆ ಹಲ್ಲು ಜುಮ್ ಅನ್ನುತ್ತಿತ್ತು. "ರಾತ್ರಿ ಬೀಸೋ ಕಲ್ಲು ತಿರುವಿದಂಗ ಸಪ್ಪಳ ಬರ್ತದ್ರಿ, ನನಗ ನಿದ್ದಿನೇ ಹತ್ತಂಗಿಲ್ಲ" ಅಂತ ಹೆಂಡತಿ. "ಹೊಟ್ಟ್ಯಾಗ ಹುಳ ಆಗ್ಯಾವ್ ನೋಡಪಾ" ಅಂತ ಅವ್ವ. ಅವ್ವನ ಮಾತಿಗೆ ಹುಳದ ಗುಳಿಗೆಯನ್ನೂ ನುಂಗಿದೆ. ಏನೂ ಆಗಲಿಲ್ಲ.

ಡಾಕ್ಟರ್ ಕೈಗೆ ಕನ್ನಡಿ ಕೊಟ್ಟು ತೋರಿಸಿದರು. ಕೋರೆಹಲ್ಲಿನ ಚೂಪೇ ಇರಲಿಲ್ಲ, ಕತ್ತರಿಸಿದ ಹಾಗೆ ಚಪ್ಪಟೆ. ಹಲ್ಲಿನ ಮೇಲಿನ ಎನಾಮಲ್ ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ ಅಂದರು. ಟ್ರೇನಲ್ಲಿ ಮೆತ್ತನೆಯ ಹಿಟ್ಟಿನಂಥದ್ದು ತುಂಬಿ ಬಾಯಿಗೆ ಒತ್ತಿ ಅಳತೆ ತೆಗೆದರು. ವಾರದ ಮೇಲೆ ಅಕ್ರಿಲಿಕ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ನ ಗಾರ್ಡ್ ಬಂತು, ಮೇಲಿನ ಸಾಲಿನ ಹಲ್ಲುಗಳಿಗೆ. ನನಗೆ 3,000 ರೂಪಾಯಿ ಆಯಿತು.

ಇಲ್ಲಿಂದ ಮುಂದೆ ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳಬೇಕು, ಯಾಕಂದರೆ ನೀವೂ ಅಲ್ಲಿಗೇ ಹೊರಟಿದ್ದೀರಿ.

ಗಾರ್ಡ್ ಎಡಗಡೆ ಹಿಂದಿನ ಹಲ್ಲಿನ ಹತ್ತಿರ ಒತ್ತುತ್ತಿತ್ತು. ಹೊಸದರಲ್ಲಿ ಸ್ವಲ್ಪ ಬಿಗಿ ಅನಿಸುವುದು ಸಹಜ. ಒಂದೇ ಕಡೆ ಒತ್ತಿದರೆ ಡಾಕ್ಟರ್ ಹತ್ತಿರ ಹೋಗಬೇಕು. ಅವರು ತೆಳ್ಳನೆಯ ಬಣ್ಣದ ಕಾಗದ ಕಚ್ಚಿಸುತ್ತಾರೆ. ಗಾರ್ಡಿನ ಮೇಲೆ ಎಲ್ಲಿ ಜಾಸ್ತಿ ಗುರುತು ಬೀಳುತ್ತೋ ಅಲ್ಲಿ ಚೂರು ಉಜ್ಜಿ ಕೊಡುತ್ತಾರೆ. ಐದು ನಿಮಿಷದ ಕೆಲಸ. ನಾನು ಹೋಗಲಿಲ್ಲ. ಮೊಬೈಲ್‌ನಲ್ಲಿ ಒಂದು ವಿಡಿಯೋ ನೋಡಿದೆ. ಅದರಲ್ಲಿ ಒಬ್ಬಾತ ಗಾರ್ಡನ್ನು ಬಿಸಿನೀರಿಗೆ ಹಾಕಿ, ಮೆತ್ತಗಾದ ಮೇಲೆ ಕಚ್ಚಿ, ಬಾಯಿಗೆ ಸರಿಯಾಗಿ ಕೂರಿಸಿಕೊಂಡ. ನಾನೂ ಚಹಾ ಕಾಸುವ ಪಾತ್ರೆಯಲ್ಲಿ ನೀರು ಕುದಿಸಿ ನನ್ನದನ್ನು ಮುಳುಗಿಸಿದೆ.

ಆ ವಿಡಿಯೋದಲ್ಲಿದ್ದದ್ದು ನೀವು ಕೇಳುತ್ತಿರುವ 400 ರೂಪಾಯಿಯದ್ದು. ಅದು ಬಿಸಿನೀರಿನಲ್ಲಿ ಮೆತ್ತಗಾಗಲೆಂದೇ ಮಾಡಿದ ಪ್ಲಾಸ್ಟಿಕ್. ನನ್ನದು ಅಕ್ರಿಲಿಕ್. ಅದು ಬಿಸಿನೀರಿನಲ್ಲಿ ಸೊಟ್ಟಗಾಗುತ್ತದೆ. ಕಣ್ಣಿಗೆ ಏನೂ ಕಾಣಿಸಲಿಲ್ಲ. ಮೇಜಿನ ಮೇಲಿಟ್ಟು ಬೆರಳಲ್ಲಿ ಒತ್ತಿದರೆ ಮಾತ್ರ ಕಾಲು ಗಿಡ್ಡವಾದ ಸ್ಟೂಲಿನಂತೆ ಅಲುಗಾಡುತ್ತಿತ್ತು. ಆದರೂ ಇಪ್ಪತ್ತು ದಿನ ಅದನ್ನೇ ಹಾಕಿಕೊಂಡು ಮಲಗಿದೆ. ಇಡೀ ದವಡೆಯ ಒತ್ತು ಆ ಎಡಗಡೆಯ ಒಂದೇ ಹಲ್ಲಿನ ಮೇಲೆ. ನೋವು ಜಾಸ್ತಿಯಾದಾಗ ತೆಗೆದು ಡಬ್ಬಿಯಲ್ಲಿಟ್ಟೆ. ಡಾಕ್ಟರ್ ಬೈಯುತ್ತಾರೆ, ಮತ್ತೆ 3,000 ಕೇಳುತ್ತಾರೆ ಅಂತ ಐದು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಅಷ್ಟೂ ರಾತ್ರಿ ಗಾರ್ಡ್ ಇಲ್ಲದೆ ಹಲ್ಲು ಕಡಿದೆ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿದ್ದೆವು. ಕಡಕ್ ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹಿಂಡಿ. ಎರಡನೇ ತುತ್ತಿಗೆ ಕಟ್ ಅಂತು. ಹಿಂಡಿಯಲ್ಲಿ ಕಲ್ಲು ಬಂತು ಅಂದುಕೊಂಡು ಅಂಗೈಗೆ ಉಗುಳಿದೆ. ಕಲ್ಲುಸಕ್ಕರೆಯ ಚೂರಿನಂಥದ್ದು ಬಿದ್ದಿತ್ತು. ಒಂದು ಬದಿ ನುಣುಪು, ಒಂದು ಬದಿ ಚೂಪು. ನನ್ನ ದವಡೆ ಹಲ್ಲಿನ ಮೂಲೆ. ಮರುದಿನ ಡಾಕ್ಟರ್ ಗಾರ್ಡನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದ್ದು ಒಂದೇ ಮಾತು: "ಇದಕ್ಕ ಬಿಸಿನೀರು ತೋರಿಸಿದ್ರೇನ್ರಿ?" ರೂಟ್ ಕೆನಾಲ್, ಮೇಲೊಂದು ಕ್ಯಾಪ್, ಹೊಸ ಗಾರ್ಡ್. ಎಲ್ಲ ಸೇರಿ 12,000 ದಾಟಿತು.

ಹಾಗಾಗಿ ನಿಮ್ಮ 400 ರೂಪಾಯಿಯದ್ದಕ್ಕೆ ನಾನು ಹೂಂ ಅನ್ನಲಾರೆ. ಅದು ದಪ್ಪ, ಬಾಯಿಗೆ ಸರಿಯಾಗಿ ಕೂರುವುದಿಲ್ಲ. ಮೆತ್ತಗಿದ್ದರೆ ಕೆಲವರು ನಿದ್ದೆಯಲ್ಲಿ ಅದನ್ನೇ ಇನ್ನೂ ಜೋರಾಗಿ ಅಗಿಯುತ್ತಾರೆ. ಮುಂದಿನ ನಾಲ್ಕು ಹಲ್ಲಿಗಷ್ಟೇ ಬರುವ ಚಿಕ್ಕವೂ ಇವೆ. ಡಾಕ್ಟರ ನಿಗಾ ಇಲ್ಲದೆ ಅವನ್ನು ತಿಂಗಳುಗಟ್ಟಲೆ ಹಾಕಿದರೆ ಕಚ್ಚುವ ರೀತಿಯೇ ಬದಲಾಗಬಹುದು. ಯಾದಗಿರಿಯವರು ಅಂತ ಬರೆದಿದ್ದೀರಿ. ದುಡ್ಡಿನ ಚಿಂತೆಯಾದರೆ ರೈಲು ಹತ್ತಿ ಕಲಬುರಗಿಗೆ ಬನ್ನಿ. ಇಲ್ಲಿ ಎಸ್. ನಿಜಲಿಂಗಪ್ಪ ಡೆಂಟಲ್ ಕಾಲೇಜಿದೆ. ಡೆಂಟಲ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಹೊರಗಿನ ಕ್ಲಿನಿಕ್‌ಗಿಂತ ಕಡಿಮೆ ಆಗುತ್ತೆ. ಸಮಯ ಹಿಡಿಯುತ್ತೆ, ಹಿಡಿಯಲಿ.

ಇನ್ನು ವಾಸಿಯಾಗುವ ಮಾತು. ಗಾರ್ಡ್ ಮಾಡುವುದು ಇಷ್ಟೇ: ಹಲ್ಲಿನ ಬದಲು ತಾನು ಸವೆಯುತ್ತದೆ. ನನ್ನ ಎರಡನೇ ಗಾರ್ಡಿನ ಮೇಲೆ ಈಗ ಗೀರುಗಳೇ ಗೀರು. ಆ ಗೀರೆಲ್ಲ ಹಲ್ಲಿನ ಮೇಲೆ ಬೀಳಬೇಕಿತ್ತು. ಕಡಿಯುವುದಕ್ಕೆ ಕಾರಣ ಬೇರೆ ಕಡೆ ಹುಡುಕಬೇಕು. ನನಗೆ ಟೆನ್ಶನ್, ಜೊತೆಗೆ ಅಂಗಡಿಯಲ್ಲಿ ಸಂಜೆ ಮೇಲೆ ನಾಲ್ಕೈದು ಚಹಾ. ನೀವು ಜೋರಾಗಿ ಗೊರಕೆ ಹೊಡೆಯುತ್ತೀರಾ, ನಿದ್ದೆಯಲ್ಲಿ ಉಸಿರು ನಿಂತ ಹಾಗಾಗುತ್ತಾ ಅಂತ ಮನೆಯವರನ್ನು ಕೇಳಿ. ಹೌದಾದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ಖಿನ್ನತೆಗೆ ಕೊಡುವ ಕೆಲವು ಗುಳಿಗೆಗಳಿಂದಲೂ ಹಲ್ಲು ಕಡಿಯುವುದು ಶುರುವಾಗಬಹುದು. ಅಂಥದ್ದು ತಗೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನೇ ಕೇಳಿ. ಹಗಲಲ್ಲೂ ಗಮನಿಸಿ: ತುಟಿ ಮುಚ್ಚಿರಲಿ, ಹಲ್ಲಿಗೆ ಹಲ್ಲು ತಾಗದಿರಲಿ. ಇದರಿಂದ ನನಗೆ ತುಂಬಾ ಆರಾಮ ಸಿಕ್ಕಿದೆ.

ಗಾರ್ಡನ್ನು ಮಡಕೆಯ ತಣ್ಣೀರಲ್ಲಿ ತೊಳೆಯುತ್ತೇನೆ, ಮೆತ್ತನೆಯ ಬ್ರಷ್, ಪೇಸ್ಟ್ ಬೇಡ. ನಲ್ಲಿ ನೀರನ್ನು ನಂಬಬೇಡಿ. ನಮ್ಮ ಕಡೆ ಮೇ ತಿಂಗಳ ಮಧ್ಯಾಹ್ನ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಕೈ ಸುಡುತ್ತೆ, ನಿಮಗೂ ಗೊತ್ತಲ್ವಾ. ಕಿಟಕಿಯಲ್ಲಿ, ಬೈಕಿನ ಡಿಕ್ಕಿಯಲ್ಲಿ ಇಡಬೇಡಿ. ಹೊಸದು ಬಂದ ಮೇಲೆ ಎಲ್ಲಾದರೂ ಒಂದೇ ಕಡೆ ಒತ್ತಿದರೆ ವಿಡಿಯೋ ಹುಡುಕಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.