ಪೈಥಾನ್ ಸ್ಕ್ರಿಪ್ಟ್ ಎರರ್ ಕೂಡ ಕೊಡದೆ ನಿಂತುಬಿಡುವುದು ಯಾಕೆ?

ದಿನಾ ಬೆಳಗ್ಗೆ ಕೆಆರ್‌ಎಸ್ ನೀರಿನ ಮಟ್ಟ ತಂದು ಮಂಡ್ಯದ ಮನೆಯವರ ಗ್ರೂಪ್‌ಗೆ ಕಳಿಸುವ ಸ್ಕ್ರಿಪ್ಟು ಕೆಲವು ದಿನ ಸುಮ್ನೆ ನಿಂತೇ ಇರುತ್ತದೆ ಅಂದಿರಿ. ನೀವು ಟೈಮ್‌ಔಟ್, ಅಂದರೆ ಎಷ್ಟು ಹೊತ್ತು ಕಾಯಬೇಕು ಅನ್ನುವ ಗಡುವು, ಕೊಟ್ಟಿಲ್ಲ, ಅಷ್ಟೇ. ವೆಬ್‌ನಿಂದ ಡೇಟಾ ತರುವ ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿ ತಾನಾಗಿ ಯಾವ ಗಡುವನ್ನೂ ಹಾಕುವುದಿಲ್ಲ. ಸರ್ವರ್ ಉತ್ತರ ಕೊಡದೆ ಕೂತರೆ ನಿಮ್ಮ ಕೋಡೂ ಕಾಯುತ್ತಾ ಕೂರುತ್ತದೆ.

ಪುಟ ತರಿಸುವ ಗೆಟ್ ಫಂಕ್ಷನ್ ಕರೆಯುವಾಗ ಟೈಮ್‌ಔಟ್‌ಗೆ (5, 20) ಅಂತ ಸೆಕೆಂಡುಗಳ ಜೋಡಿ ಕೊಡಿ. ಮೊದಲನೆಯದು ಕನೆಕ್ಟ್ ಆಗಲು, ಎರಡನೆಯದು ಡೇಟಾ ಬರಲು. ಈ 20 ಸೆಕೆಂಡನ್ನು ತುಂಬಾ ಜನ ಒಟ್ಟು ಸಮಯ ಅಂದುಕೊಳ್ಳುತ್ತಾರೆ, ಅದು ಹಾಗಲ್ಲ, ಸರ್ವರ್ ಏನೂ ಕಳಿಸದೆ ಸುಮ್ಮನಿರಬಹುದಾದ ಅವಧಿ ಮಾತ್ರ, ಹಾಗಾಗಿ ಡೇಟಾ ಸ್ವಲ್ಪ ಸ್ವಲ್ಪವೇ ಬರುತ್ತಿದ್ದರೆ ಒಂದು ನಿಮಿಷ ದಾಟಿದರೂ ಎರರ್ ಬರುವುದಿಲ್ಲ.

ಇನ್ನೊಂದು ವಿಷಯ. ಸರ್ವರ್‌ನಿಂದ 404 (ಪುಟ ಸಿಗಲಿಲ್ಲ) ಬಂದರೂ 500 (ಸರ್ವರ್‌ನಲ್ಲೇ ತೊಂದರೆ) ಬಂದರೂ ರಿಕ್ವೆಸ್ಟ್ಸ್ ತಾನಾಗಿ ಎಕ್ಸೆಪ್ಷನ್ ಎಸೆಯುವುದಿಲ್ಲ, ಅಂದರೆ ಎರರ್ ಕೊಟ್ಟು ಕೋಡನ್ನು ನಿಲ್ಲಿಸುವುದಿಲ್ಲ. ಎರರ್ ಪುಟವನ್ನೇ ನಿಮ್ಮ ಕೋಡು ಓದಿ, ಅದರಲ್ಲಿದ್ದ 500 ಅನ್ನೇ ನೀರಿನ ಮಟ್ಟ ಅಂತ ಗ್ರೂಪ್‌ಗೆ ಹಾಕಬಹುದು! ಉತ್ತರ ಬಂದ ಕೂಡಲೇ ರೈಸ್_ಫಾರ್_ಸ್ಟೇಟಸ್ ಕರೆಯಿರಿ, ಇಂಥ ಎರರ್ ಕೋಡ್ ಬಂದಿದ್ದರೆ ಅದು ಎಕ್ಸೆಪ್ಷನ್ ಎಸೆಯುತ್ತದೆ. ಅಣೆಕಟ್ಟೆಯ ಗರಿಷ್ಠ ಮಟ್ಟವೇ 124.80 ಅಡಿ, ಅದಕ್ಕಿಂತ ಜಾಸ್ತಿ ಅಂಕಿ ಸಿಕ್ಕರೆ ಕಳಿಸಬೇಡಿ. ಹಲವು ರಿಕ್ವೆಸ್ಟ್‌ಗಳಿಗೆ ಒಂದೇ ಕನೆಕ್ಷನ್ ಮತ್ತೆ ಬಳಸುವ ಸೆಷನ್ ಬೇಕಾ ಅಂತಲೂ ಕೇಳಿದ್ದೀರಿ. ದಿನಕ್ಕೆ ಒಂದೇ ರಿಕ್ವೆಸ್ಟ್ ಅಲ್ವಾ, ಬೇಡ.