ಹನ್ನೆರಡು ವರ್ಷ ಮುಚ್ಚಿಟ್ಟ ಮಾತನ್ನು ಮಗನಿಗೆ ಹೇಳಲೇ?

ಪ್ರಶ್ನೆ: ನನಗೆ 43 ವರ್ಷ, ತುಮಕೂರು ಜಿಲ್ಲೆಯ ಸಣ್ಣ ಊರೊಂದರಲ್ಲಿ ಶಿಕ್ಷಕಿ. 12 ವರ್ಷಗಳ ಹಿಂದೆ ನನ್ನ ಪತಿ ಆತ್ಮಹತ್ಯೆ ಮಾಡಿಕೊಂಡರು. ಆಗ ಮಗನಿಗೆ ಐದು ವರ್ಷ. ಅಪ್ಪನಿಗೆ ಹೃದಯಾಘಾತವಾಯಿತೆಂದು ಹೇಳಿದೆವು. ಈಗ ದ್ವಿತೀಯ ಪಿಯುಸಿ ಓದುತ್ತಿರುವ ಅವನಿಗೆ ಇಂದಿಗೂ ನಿಜ ಗೊತ್ತಿಲ್ಲ. ಆ ಸಂಜೆ ಸಾಲದ ಕಂತಿನ ವಿಷಯಕ್ಕೆ ನಾನು ಅವರ ಮೇಲೆ ರೇಗಿದ್ದೆ. ಮರುದಿನ ಪೊಲೀಸರು ‘ಜಗಳವಾಗಿತ್ತಾ?’ ಎಂದು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಹಾಗೆ ಸತ್ತವರಿಗೆ ಎಡೆಯಿಲ್ಲವೆಂದು ಅತ್ತೆಯ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ಅವರ ಹೆಸರನ್ನೇ ಎತ್ತುವುದಿಲ್ಲ. ಅವರ ಫೋಟೊ ಬೀರುವಿನಲ್ಲಿದೆ. ಇಷ್ಟು ವರ್ಷವಾದರೂ ಅಳು ನಿಂತಿಲ್ಲ. ಇದು ಕಾಯಿಲೆಯೇ? ಮಗನಿಗೆ ಹೇಳಲೇ, ಬೇಡವೇ?

ಉತ್ತರ: ಹೇಳಿ. ನೀವು ಎರಡು ಪ್ರಶ್ನೆ ಕೇಳಿದ್ದೀರಿ, ಆದರೆ ಅವೆರಡೂ ಒಂದೇ ಗಂಟಿನ ಎರಡು ತುದಿಗಳೆಂದು ನನಗನ್ನಿಸುತ್ತದೆ. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಊರಿನವರೆದುರು ಅಳುವ, ಅವರ ಮಾತೆತ್ತುವ, ‘ಅವರು ಹೀಗಿದ್ದರು’ ಎಂದು ಹೇಳಿಕೊಳ್ಳುವ ಅವಕಾಶವಾದರೂ ಇರುತ್ತದೆ. ನಿಮಗೆ ಅದೂ ಸಿಗಲಿಲ್ಲ. ದುಃಖಪಡಬೇಕಾದ ಹೊತ್ತಿನಲ್ಲಿ ನೀವು ಒಂದು ಗುಟ್ಟನ್ನು ಕಾಯಬೇಕಾಯಿತು, ಮಗನ ಮುಂದೆ ಅವನ ಅಪ್ಪನ ಬಗ್ಗೆ ಆಡುವ ಪ್ರತಿಯೊಂದು ಮಾತನ್ನೂ ಅಳೆದು ಆಡಬೇಕಾಯಿತು.

ಕಾಯಿಲೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ದೀರ್ಘಕಾಲ ಉಳಿಯುವ ಶೋಕವನ್ನು ಒಂದು ಸಮಸ್ಯೆಯಾಗಿ ಸೇರಿಸಿರುವುದು ನಿಜ. ಆದರೆ ಅಗಲಿದವರ ಹಂಬಲವು ತಿಂಗಳುಗಟ್ಟಲೆ ತೀವ್ರವಾಗಿಯೇ ಉಳಿದು, ನಿತ್ಯದ ಬದುಕನ್ನೇ ನಡೆಸಲಾಗದಂತೆ ಮಾಡಿದಾಗ ಮಾತ್ರ ಆ ಹೆಸರು ಸಲ್ಲುತ್ತದೆ. ದಿನವೂ ಶಾಲೆಗೆ ಹೋಗಿ ಪಾಠ ಮಾಡುತ್ತಾ, ಒಬ್ಬರೇ ಮಗನನ್ನು ಇಲ್ಲಿಯವರೆಗೆ ಬೆಳೆಸಿದ ನಿಮ್ಮ ಅಳುವಿಗೆ ಆ ಹೆಸರು ಕೊಡಲು ನನಗೆ ಮನಸ್ಸಿಲ್ಲ. ಹಾಗೆಂದು ನಿದ್ದೆ ಕೆಡುತ್ತಿದ್ದರೆ, ಬದುಕೇ ಬೇಡವೆನ್ನಿಸಿದರೆ ತಡಮಾಡಬೇಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ, ಅಥವಾ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಇನ್ನು ಆ ಸಂಜೆ. ಸಾಲದ ಕಂತಿನ ವಿಷಯಕ್ಕೆ ಮಾತಿಗೆ ಮಾತು ಬೆಳೆಯದ ಮನೆ ನಮ್ಮಲ್ಲಿ ಎಷ್ಟಿವೆ ಹೇಳಿ? ಮರುದಿನ ಏನಾಯಿತೆಂಬುದನ್ನು ತಿಳಿದ ಮೇಲೆ ನೀವು ಆ ಸಂಜೆಯನ್ನು ಮತ್ತೆ ಮತ್ತೆ ನೋಡುತ್ತಿದ್ದೀರಿ. ರೇಗಿದ ಹೊತ್ತಿನಲ್ಲಿ ನಿಮಗೆ ಅದು ತಿಳಿದಿರಲಿಲ್ಲ. ಒಬ್ಬ ಮನುಷ್ಯ ಜೀವ ಕಳೆದುಕೊಳ್ಳುವ ಹಂತಕ್ಕೆ ಬರುವುದರ ಹಿಂದೆ ಎಷ್ಟೋ ಕಾಲದಿಂದ ಒಳಗೊಳಗೇ ಸೇರಿಕೊಂಡ ಹಲವು ಸಂಕಟಗಳಿರುತ್ತವೆ, ಅನೇಕ ವೇಳೆ ಯಾರೂ ಗುರುತಿಸದ, ಚಿಕಿತ್ಸೆ ಸಿಗದ ಖಿನ್ನತೆಯೂ ಇರುತ್ತದೆ. ಅದನ್ನೆಲ್ಲ ಹೆಂಡತಿಯ ಒಂದು ಮಾತಿಗೆ ಕಟ್ಟಿಹಾಕುವುದು ಸುಲಭ, ಆದರೆ ಸತ್ಯವಲ್ಲ. ಪೊಲೀಸರ ಪ್ರಶ್ನೆಯೂ ನಿಮ್ಮನ್ನು ಗುರಿಯಾಗಿಸಿ ಬಂದದ್ದಲ್ಲ. ಅಸ್ವಾಭಾವಿಕ ಸಾವು ಯಾವ ಮನೆಯಲ್ಲಾದರೂ ವಿಚಾರಣೆ, ಮಹಜರು ನಡೆಸಲೇಬೇಕೆಂದು ಕಾನೂನು ಹೇಳುತ್ತದೆ. 2022ರ ಒಂದೇ ವರ್ಷದಲ್ಲಿ ಕರ್ನಾಟಕದಲ್ಲಿ 13,606 ಮಂದಿ ಹೀಗೆ ತೀರಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಹೇಳುತ್ತದೆ. ಅವರಲ್ಲಿ ಎಷ್ಟು ಮಂದಿಯ ಮನೆಯವರಿಗೆ ಇದೇ ಪ್ರಶ್ನೆ ಎದುರಾಯಿತೋ. ಅದನ್ನು ಇನ್ನಷ್ಟು ಮೆದುವಾಗಿ ಕೇಳಬಹುದಿತ್ತು ಎಂಬುದು ಬೇರೆ ಮಾತು. ಅಂದಹಾಗೆ ಆಗ ಆತ್ಮಹತ್ಯೆಯ ಯತ್ನವೇ ಶಿಕ್ಷಾರ್ಹವಾಗಿತ್ತು. ಅಂಥ ಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳಿದ ಮೇಲೆ ಕಾನೂನಿನ ಕಣ್ಣೇ ಬದಲಾಯಿತು, ಊರಿನ ಕಣ್ಣು ಮಾತ್ರ ಇನ್ನೂ ಬದಲಾಗಬೇಕಿದೆ.

ಮಗನಿಗೆ ನಿಜ ತಿಳಿದರೆ ಅವನೂ ಅದೇ ಹಾದಿ ಹಿಡಿದಾನೆಂಬ ಭಯ ನಿಮ್ಮನ್ನು ತಡೆಯುತ್ತಿರಬಹುದು. ಆತ್ಮಹತ್ಯೆಯ ಬಗ್ಗೆ ಕಾಳಜಿಯಿಂದ ಮಾತನಾಡುವುದರಿಂದ ಆ ಯೋಚನೆ ಹುಟ್ಟುವುದಿಲ್ಲವೆಂದು ತಜ್ಞರು ಹೇಳುತ್ತಲೇ ಬಂದಿದ್ದಾರೆ. ಕುಟುಂಬದಲ್ಲಿ ಇಂಥ ಸಾವಾಗಿದ್ದರೆ ಹೆಚ್ಚು ಎಚ್ಚರ ಬೇಕು ನಿಜ, ಆದರೆ ಆ ಎಚ್ಚರವನ್ನು ಅವನೇ ವಹಿಸಬೇಕಾದರೆ ಅವನಿಗೆ ವಿಷಯ ಗೊತ್ತಿರಬೇಕಲ್ಲವೇ? ನೀವು ಹೇಳದಿದ್ದರೆ ಯಾವುದೋ ಮದುವೆ ಮನೆಯಲ್ಲಿ, ಯಾರೋ ದೂರದ ನೆಂಟರ ಬಾಯಿಂದ, ಅದೂ ನಿಮ್ಮನ್ನು ದೂರುವ ದನಿಯಲ್ಲಿ ಅವನಿಗೆ ತಿಳಿಯುತ್ತದೆ. ಅರ್ಧ ಈಗಾಗಲೇ ತಿಳಿದಿದ್ದರೂ ಆಶ್ಚರ್ಯವಿಲ್ಲ. ಅಮ್ಮ ಯಾವ ಮಾತಿಗೆ ಮುಖ ತಿರುಗಿಸುತ್ತಾಳೆಂಬುದು ಮಕ್ಕಳಿಗೆ ಬಲು ಬೇಗ ಗೊತ್ತಾಗುತ್ತದೆ.

ಪರೀಕ್ಷೆ ಹತ್ತಿರವಿದ್ದರೆ ಅದು ಮುಗಿಯುವವರೆಗೆ ತಾಳಿ, ಆದರೆ ಆಮೇಲೆ ಸಿಇಟಿ, ಅದಾದ ಮೇಲೆ ಕಾಲೇಜು ಎಂದು ಮುಂದೂಡುತ್ತಾ ಹೋಗಬೇಡಿ. ಮನೆಯಲ್ಲಿ ನೀವಿಬ್ಬರೇ ಇರುವ, ಮರುದಿನ ರಜೆಯಿರುವ ಹೊತ್ತನ್ನು ಆರಿಸಿಕೊಂಡು ಬೀರುವಿನಿಂದ ಆ ಫೋಟೊ ತೆಗೆದು ಮುಂದಿಟ್ಟುಕೊಂಡೇ ಕುಳಿತುಕೊಳ್ಳಿ. ‘ನೀನು ಚಿಕ್ಕವನಿದ್ದೆ, ನನಗೂ ಹೇಳುವ ಧೈರ್ಯವಿರಲಿಲ್ಲ, ಅಪ್ಪನ ಮನಸ್ಸು ತುಂಬಾ ನೊಂದಿತ್ತು, ಅವರು ತಾವಾಗಿಯೇ ಜೀವ ಕಳೆದುಕೊಂಡರು’ ಎಂದರೆ ಸಾಕು. ಹೇಗೆ, ಎಲ್ಲಿ ಎಂಬ ವಿವರಗಳನ್ನು ನೀವಾಗಿ ಬಿಡಿಸಿ ಹೇಳಬೇಕಿಲ್ಲ. ಅವನು ಸುಳ್ಳು ಹೇಳಿದ್ದಕ್ಕೆ ಸಿಟ್ಟಾಗಬಹುದು, ನಾಲ್ಕು ದಿನ ಮಾತು ಬಿಡಬಹುದು. ಸಿಟ್ಟಾಗಲಿ. ಅವರ ಮೇಲೆ ನಿಮಗೂ ಸಿಟ್ಟಿಲ್ಲವೇ? ಆ ದಿನಗಳಲ್ಲಿ ಅವನ ಮೇಲೊಂದು ಕಣ್ಣಿರಲಿ, ಅವನು ನೆಚ್ಚುವ ಸೋದರಮಾವನಂಥ ಒಬ್ಬ ಹಿರಿಯರಿಗೆ ಮೊದಲೇ ತಿಳಿಸಿಟ್ಟಿರಿ.

ಎಡೆಯ ಬಗ್ಗೆ ಒಂದು ಮಾತು. ಪಿತೃಪಕ್ಷದಲ್ಲಿ ಅಮಾವಾಸ್ಯೆಯ ಹಿಂದಿನ ಚತುರ್ದಶಿಯನ್ನು ಅಪಮೃತ್ಯುವಿಗೀಡಾದವರಿಗೆಂದೇ ಮೀಸಲಿಟ್ಟ ಸಂಪ್ರದಾಯ ನಮ್ಮಲ್ಲಿದೆ. ಅತ್ತೆಯ ಮನೆಯವರು ಒಪ್ಪುವವರೆಗೆ ಕಾಯಬೇಕಿಲ್ಲ; ನಿಮ್ಮ ಮನೆಯಲ್ಲೇ ಅವರಿಗಿಷ್ಟವಾದದ್ದನ್ನು ಮಾಡಿ ಎಲೆ ಹಾಕಿ. ಏನು ಇಷ್ಟವಿತ್ತೆಂದು ಮಗ ಕೇಳುತ್ತಾನೆ, ಆಮೇಲೆ ಯಾಕೆ ಹೀಗೆ ಮಾಡಿಕೊಂಡರೆಂದೂ ಕೇಳುತ್ತಾನೆ. ಮೊದಲನೆಯದಕ್ಕೆ ನಿಮ್ಮಲ್ಲಿ ಉತ್ತರವಿದೆ. ಎರಡನೆಯದಕ್ಕೆ ‘ನನಗೂ ಪೂರ್ತಿ ಗೊತ್ತಿಲ್ಲ ಕಣೋ’ ಎಂದು, ಇದ್ದದ್ದನ್ನು ಇದ್ದಂತೆ ಹೇಳಿಬಿಡಿ.